ಒಳಾಂಗಣವಿದ್ಯೆಯು ಬರಿಯ ಅಲಂಕಾರವೆ?

ಮಗಳು ವೈದ್ಯವಿದ್ಯೆಗೆ ಸೇರಿದಳೆಂದರೆ ಹಿರಿಯರು ಹತ್ತು ಮನೆಗೆ ಹೇಳಿಕೊಂಡು ಬರುತ್ತಾರೆ. ಅವಳೇ ವಿಶ್ವವಿದ್ಯಾನಿಲಯದಲ್ಲಿ ಒಳಾಂಗಣ ವಿನ್ಯಾಸವನ್ನು ಓದುವೆನೆಂದರೆ, ಪರದೆ ಕಟ್ಟುವುದಕ್ಕೂ ನಾಲ್ಕು ವರ್ಷದ ವ್ಯಾಸಂಗವೆ ಎಂದು ನಗುತ್ತಾರೆ. ಈ ನಗೆಯಲ್ಲಿ ಅಜ್ಞಾನವಿದೆ; ಆದರೆ ಅದು ತೀರ ನಿರಾಧಾರವಾದುದಲ್ಲವೆಂಬುದೇ ಶೋಚನೀಯವಾದ ಸಂಗತಿ. ಈ ವಿದ್ಯೆಯನ್ನು ಕಲಿಸುವ ಶಾಲೆಗಳಲ್ಲಿ ಅನೇಕವು ತಾವೇ ಅದನ್ನು ಪರದೆಯ ಮಟ್ಟಕ್ಕೆ ಇಳಿಸಿಕೊಂಡು ಕುಳಿತಿವೆ.

ವಾಸ್ತುಶಿಲ್ಪಿಯು ಗೋಡೆಯೆಬ್ಬಿಸಿ ಮಾಡು ಹೊದಿಸಿ ಹೊರಟುಹೋಗುತ್ತಾನೆ. ಆ ಗೋಡೆಗಳ ನಡುವೆ ಎಪ್ಪತ್ತು ವರ್ಷದ ಮುದುಕಿಯು ಎಲ್ಲಿ ಕೈಯೂರಿ ಏಳಬೇಕು, ಒಲೆಯಿಂದ ನೀರಿಗೆ ಎಷ್ಟು ಹೆಜ್ಜೆ, ಓದುವ ಹುಡುಗನ ಪುಸ್ತಕದ ಮೇಲೆ ಬೆಳಕು ಯಾವ ಕಡೆಯಿಂದ ಬೀಳಬೇಕು ಎಂಬುದನ್ನು ವಿಚಾರಿಸತಕ್ಕದ್ದೇ ಈ ವಿದ್ಯೆ. ೧೯೨೬ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳೆಯು ಒಂದು ಅಡಿಗೆಮನೆಯನ್ನು ರಚಿಸಿದಳು. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಮೂರೂವರೆ ಮೀಟರಿನೊಳಗೆ. ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂಬ ಲೆಕ್ಕದ ಮೇಲೆ ಅಲ್ಲಿಯ ಪ್ರತಿಯೊಂದು ಹಲಗೆಯೂ ಸ್ಥಳ ಪಡೆಯಿತು. ಧಾನ್ಯಕ್ಕೆ, ಹಿಟ್ಟಿಗೆ ಹಿಡಿಯುಳ್ಳ ಅಲ್ಯುಮಿನಿಯಂ ಪಾತ್ರೆಗಳಾದುವು. ಸುಮಾರು ೧೦,೦೦೦ ಮನೆಗಳಿಗೆ ಅದು ಹೋಯಿತು. ಇಂದು ಪಟ್ಟಣಗಳಲ್ಲಿ ಮಾಡ್ಯುಲರ್ ಎಂಬ ಹೆಸರಿನಿಂದ ಮಾರಾಟವಾಗುವ ಅಡಿಗೆಮನೆಗಳೆಲ್ಲ ಅದರ ಸಂತಾನವೇ ಸರಿ.

ಸಂತಾನವೇನೋ ಬಂದಿತು, ಲೆಕ್ಕ ಬರಲಿಲ್ಲ. ಆ ಅಡಿಗೆಮನೆ ಒಬ್ಬಳೇ ನಿಂತು ಬೇಯಿಸುವ ಸಂಸಾರಕ್ಕಾಗಿ ಆದುದು. ಅತ್ತೆ ಕುಳಿತು ಸೊಪ್ಪು ಬಿಡಿಸುತ್ತ, ಸೊಸೆ ಒಗ್ಗರಣೆ ಹಾಕುತ್ತ, ನಡುವೆ ಮಗುವೊಂದು ಲೋಟ ಉರುಳಿಸುತ್ತಿರುವ ಕನ್ನಡದ ಮನೆಯಲ್ಲಿ ಅದನ್ನೇ ತಂದಿಟ್ಟರೆ ಅತ್ತೆಗೆ ಸ್ಥಳವೆಲ್ಲಿ? ವಿದ್ಯಾರ್ಥಿಯು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳೆಂದು ಹೇಳುವವರೂ ಇಲ್ಲ. ಕಟ್ಟೆಯ ಎತ್ತರವನ್ನು ಪರದೇಶದ ಪುಸ್ತಕದಿಂದ ಇಳಿಸಿಕೊಳ್ಳುತ್ತಾನೆ. ಭಾರತೀಯರ ದೇಹದ ಅಳತೆಗಳನ್ನು ದೇವಕುಮಾರ ಚಕ್ರವರ್ತಿಯವರು ಸಂಗ್ರಹಿಸಿದ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ೧೯೯೭ರಲ್ಲಿಯೇ ಪ್ರಕಟಿಸಿದೆ. ಆ ಸಂಸ್ಥೆಯ ಹುಟ್ಟಿಗೆ ಕಾರಣವಾದುದು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ೧೯೫೮ರಲ್ಲಿ ಬರೆದ ವರದಿ. ಅಮೆರಿಕದವರಾದ ಅವರು ಹಳ್ಳಿಯ ಚೊಂಬನ್ನು ಮುಂದಿಟ್ಟುಕೊಂಡು, ಇದರಲ್ಲಿ ನೀರೆಷ್ಟು ಹಿಡಿಯುತ್ತದೆ, ತಲೆಯ ಮೇಲೆ ಹೊತ್ತರೆ ಹೇಗೆ, ಸೊಂಟದ ಮೇಲಾದರೆ ಹೇಗೆ ಎಂದು ವಿಚಾರಿಸಿದರು. ಹೊರಗಿನವರು ಚೊಂಬನ್ನು ನೋಡಿ ಕಲಿತರು. ಚೊಂಬಿನ ಮನೆಯವರು ಚಿತ್ರಪುಸ್ತಕವನ್ನು ನೋಡಿ ಕಲಿಯುತ್ತಿದ್ದಾರೆ!

ಹಾಗೆಂದು ಹಳೆಯದೆಲ್ಲ ಹೊನ್ನೆಂದು ಕೂಗುವವರ ಮಾತೂ ಸಲ್ಲದು. ಮಲೆನಾಡಿನ ತೊಟ್ಟಿಮನೆಯಲ್ಲಿ ಬಿಸಿಗಾಳಿಯು ಮೇಲೇರಿ ತೊಟ್ಟಿಯ ಬಾಯಿಂದ ಹೊರಟುಹೋಗುವುದನ್ನೂ, ಸುತ್ತಿನ ಜಗಲಿಯು ಬಿರುಬೇಸಗೆಯಲ್ಲಿ ತಣ್ಣಗಿರುವುದನ್ನೂ ಅಳೆದು ನೋಡತಕ್ಕದ್ದು. ಹಿಂದಿನ ಅಡಿಗೆಕೋಣೆಯ ಕತ್ತಲೆಯನ್ನೂ, ಹೊಗೆಯಲ್ಲಿ ಬೆಂದ ಹೆಂಗಸಿನ ಕಣ್ಣನ್ನೂ, ಮುಟ್ಟಾದವಳಿಗೆ ತೋರಿಸಿದ ಮೂಲೆಯನ್ನೂ ಅಷ್ಟೇ ನಿಷ್ಠುರವಾಗಿ ಅಳೆಯತಕ್ಕದ್ದು. ಇದಾವುದನ್ನೂ ಮಾಡದೆ, ಉಪಾಹಾರಗೃಹವೊಂದರ ನಡುವೆ ನಾಲ್ಕು ಮರದ ಕಂಬ ನೆಟ್ಟು, ಮೇಲೆ ಗಾಜು ಮುಚ್ಚಿ, ಇದೇ ತೊಟ್ಟಿಯೆನ್ನುವವರಿದ್ದಾರೆ. ಬಾಯಿ ಮುಚ್ಚಿದ ತೊಟ್ಟಿಯಿಂದ ಬಿಸಿ ಹೋಗುವುದು ಎಲ್ಲಿಗೆ?

ಇದು ರುಚಿಯ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ೨೦೧೦ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿಯೆದ್ದು ೯ ಮಂದಿ ಸತ್ತರು; ಹೊಗೆಗೆ ತಾಳಲಾರದೆ ಮೇಲಿನಿಂದ ಧುಮುಕಿದವರೂ ಅವರಲ್ಲಿದ್ದರು. ಹೊರದಾರಿ ಎಲ್ಲಿ, ಒಳಗಿನ ಹೊದಿಕೆ ಉರಿದರೆ ಎಂತಹ ಹೊಗೆ ಏಳುವುದು ಎಂಬುದು ಅಲಂಕಾರದ ಪ್ರಶ್ನೆಯೆ? ಅಗ್ಗದ ಒತ್ತುಹಲಗೆಗಳ ಅಂಟಿನಿಂದ ಹೊರಬೀಳುವ ಫಾರ್ಮಾಲ್ಡಿಹೈಡ್ ಅರ್ಬುದರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು ೨೦೦೪ರಲ್ಲಿ ಸಾರಿತು. ಕೂಸು ಮಲಗುವ ಕೋಣೆಗೆ ಆ ಹಲಗೆಯನ್ನು ಆರಿಸುವವನಿಗೆ ರಸಾಯನಶಾಸ್ತ್ರದ ಗಂಧವಿರಬೇಡವೆ?

ವಾಸ್ತುಶಿಲ್ಪಿಯೆಂಬ ಹೆಸರಿಗೆ ೧೯೭೨ರ ಶಾಸನದ ಕಾವಲಿದೆ. ಒಳಾಂಗಣ ವಿನ್ಯಾಸಕನೆಂಬ ಹೆಸರಿಗೆ ಅಂತಹ ಕಾವಲಿಲ್ಲ. ಬೇಕಾದವರು ಹಲಗೆ ಬರೆಯಿಸಿ ತೂಗಹಾಕಬಹುದು. ಕಾವಲಿಲ್ಲದೆಡೆಯಲ್ಲಿ ಪದವಿ ಕೊಡುವ ವಿಶ್ವವಿದ್ಯಾನಿಲಯದ ಹೊಣೆ ಇಮ್ಮಡಿಯಾಗುತ್ತದೆ. ಪದವಿಗೆ ಮುಂಚೆ ಹತ್ತು ಮನೆಗಳನ್ನಾದರೂ, ಬಡವರದನ್ನೂ ಸೇರಿಸಿ, ಅಳೆದು ಬರೆಯಬೇಕು. ಒಂದು ಮಳೆಗಾಲವಾದರೂ ಬಡಗಿಯ ಕೈಕೆಳಗೆ ಕಳೆಯಬೇಕು. ತಂದೆತಾಯಿಗಳೂ ಮಗಳನ್ನು ಸೇರಿಸಲು ಹೋದಾಗ ಸಂಬಳವೆಷ್ಟು ಬಂದೀತೆಂದು ಕೇಳುವುದನ್ನು ಬಿಟ್ಟು, ಇಲ್ಲಿಯ ವಿದ್ಯಾರ್ಥಿಗಳು ಎಷ್ಟು ಮನೆಗಳನ್ನು ಅಳೆದಿದ್ದಾರೆಂದು ಕೇಳಲಿ. ಉತ್ತರವಾಗಿ ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ಮುಂದೆ ಚಾಚಿದರೆ, ಶುಲ್ಕದ ಹಣದೊಡನೆ ಮಗಳನ್ನೂ ಕರೆದುಕೊಂಡು ಹಿಂದಿರುಗುವುದು ಲೇಸು.