ಮಕ್ಕಳ ಖಾಸಗಿತನ: ಕಾನೂನು ಹೊಸ್ತಿಲಲ್ಲೇ ನಿಲ್ಲುತ್ತದೆ

2025ರ ನವೆಂಬರ್‌ನಲ್ಲಿ ಕೇಂದ್ರ ಸರಕಾರವು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಪ್ರಕಟಿಸಿದಾಗ ಚರ್ಚೆಯೆಲ್ಲ ಕಂಪನಿಗಳ ಸುತ್ತಲೇ ನಡೆಯಿತು. ಹೆತ್ತವರು ಗಮನಿಸಬೇಕಾದ ವಿಷಯವೂ ಅದರಲ್ಲಿದೆ. 2023ರ ಮೂಲ ಕಾಯಿದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಕ್ಕಳ ಚಲನವಲನ ಹಾಗೂ ನಡವಳಿಕೆಯ ಮೇಲೆ ಕಣ್ಣಿಡುವಂತಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ.

ಆದರೆ ಅದೇ ಕಾಯಿದೆಯ 3ನೇ ಸೆಕ್ಷನ್ ಓದಿ ನೋಡಿ. ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಕಾಯಿದೆ ಅನ್ವಯಿಸುವುದಿಲ್ಲ. ಕಂಪನಿ ಮಾಡಿದರೆ ದಂಡ ತೆರಬೇಕಾದ ಕೆಲಸವನ್ನು ತಂದೆ ತಾಯಿ ಮಾಡಿದರೆ ಕೇಳುವವರಿಲ್ಲ. ಇದು ಕಾಯಿದೆಯ ದೋಷವಲ್ಲ. ಮಗಳ ಡೈರಿ ಓದಿದ ತಾಯಿಯನ್ನು ಯಾವ ಅಧಿಕಾರಿಯೂ ವಿಚಾರಿಸಲು ಬರಬಾರದು. ಹಾಗಾಗಿಯೇ ಮನೆಯೊಳಗಿನ ಮಿತಿಯನ್ನು ಮನೆಯವರೇ ಹಾಕಿಕೊಳ್ಳಬೇಕು.

ಈ ಮಿತಿ ಎಲ್ಲ ವಯಸ್ಸಿಗೂ ಒಂದೇ ಆಗಲಾರದು. ಏಳು ವರ್ಷದವನ ಮೊಬೈಲನ್ನು ತಾಯಿ ನೋಡಲೇಬೇಕು. ಹದಿನೇಳರ ಹುಡುಗಿಯ ಮೆಸೇಜುಗಳನ್ನು ಅವಳು ಸ್ನಾನಕ್ಕೆ ಹೋದಾಗ ಕದ್ದು ಓದುವುದು ಬೇರೆಯೇ ಸಂಗತಿ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಕ್ಕಳಿಗೂ ಖಾಸಗಿತನದ ಹಕ್ಕು ನೀಡಿದೆ. 5ನೇ ವಿಧಿಯೋ, ಹೆತ್ತವರ ಮಾರ್ಗದರ್ಶನವು ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ತಕ್ಕಂತಿರಬೇಕು ಎನ್ನುತ್ತದೆ. ಯುರೋಪಿನಲ್ಲಿ ಇಂಥ ಒಪ್ಪಿಗೆಯ ವಯಸ್ಸು ದೇಶಕ್ಕೆ ತಕ್ಕಂತೆ 13ರಿಂದ 16. ನಮ್ಮ ಕಾಯಿದೆ ಹದಿನೆಂಟಕ್ಕೆ ಒಂದೇ ಗೆರೆ ಎಳೆದಿದೆ. ಅದನ್ನೇ ಮನೆಯ ಅಳತೆಗೋಲು ಮಾಡಿಕೊಂಡರೆ ಕಷ್ಟ.

ಹೆತ್ತವರ ಭಯ ಸುಳ್ಳಲ್ಲ. ನಮ್ಮ ಕರಾವಳಿಯಲ್ಲಿ ತಂದೆ ಗಲ್ಫ್‌ನಲ್ಲಿದ್ದು ತಾಯಿಯೊಬ್ಬರೇ ಮಕ್ಕಳನ್ನು ನೋಡಿಕೊಳ್ಳುವ ಮನೆಗಳು ಎಷ್ಟಿಲ್ಲ? ದೂರದ ತಂದೆ ಮಗನ ಲೊಕೇಶನ್ ನೋಡಿ ಸಮಾಧಾನಪಡುತ್ತಾರೆ. ಅದು ಮಗನಿಗೆ ತಿಳಿದಿದ್ದರೆ ಒಂದು ರೀತಿ, ಗುಟ್ಟಾಗಿ ನಡೆದರೆ ಇನ್ನೊಂದು. ಮಕ್ಕಳು ಯಾವ ಜಾಗದಲ್ಲಿದ್ದಾರೆ ಎಂಬುದಕ್ಕಿಂತ ಬದುಕಿನಲ್ಲಿ ಎತ್ತ ಸಾಗುತ್ತಿದ್ದಾರೆ ಎಂಬುದು ಮುಖ್ಯವೆಂದು ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೆತಿತ್ಸಿಯಾ’ದಲ್ಲಿ ಬರೆದಿದ್ದರು. ಆ್ಯಪ್ ಅದನ್ನು ತೋರಿಸುವುದಿಲ್ಲ.

ಅಪಾಯದ ಸೂಚನೆ ಕಂಡಾಗ ಹೆತ್ತವರು ಮಧ್ಯೆ ಪ್ರವೇಶಿಸಲೇಬೇಕು. ಅಪರಿಚಿತರ ಬೆದರಿಕೆ, ಹಣದ ಬೇಡಿಕೆ, ಫೋಟೋ ಕೇಳುವಿಕೆ ಇತ್ಯಾದಿಗಳಲ್ಲಿ ಖಾಸಗಿತನದ ಮಾತು ಬರುವುದಿಲ್ಲ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯಿದೆಯಂತೆ ದೂರು ನೀಡುವುದು ಕಡ್ಡಾಯ. ಆದರೆ ಅಂಥ ಸಂಕಟವನ್ನು ಮಗು ಯಾರಲ್ಲಿ ಹೇಳಿಕೊಳ್ಳುತ್ತದೆ? ತನ್ನ ಡೈರಿಯ ಸಾಲನ್ನು ನೆಂಟರೆದುರು ಓದಿ ನಕ್ಕವರಲ್ಲಂತೂ ಅಲ್ಲ.

ದೊಡ್ಡ ಮಕ್ಕಳಿಗೆ ಪ್ರತ್ಯೇಕ ಕೋಣೆ ಕೊಡಲು ಎಲ್ಲರಿಗೂ ಸಾಧ್ಯವಿಲ್ಲ. ಬೀಗವಿರುವ ಒಂದು ಪೆಟ್ಟಿಗೆ ಸಾಕು. ಬಾಗಿಲು ತಟ್ಟಿ ಒಳಗೆ ಹೋಗಲು, ಅಂಕಪಟ್ಟಿಯನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ಮಗನನ್ನೊಮ್ಮೆ ಕೇಳಲು ಖರ್ಚೇನೂ ಇಲ್ಲ. ಅವನು ಬೇಡವೆಂದರೆ ಅಜ್ಜಿಗೆ ಫೋನಿನಲ್ಲಿ ಹೇಳಿದರಾಯಿತು, ಅದೂ ಅವನೇ.