ಗೊಂಬಿ ಪುಸ್ತಕ ಅಂತ ನಗಬೇಡಿ

‘ಪರೀಕ್ಷಿ ಮುಂದಿಟ್ಕೊಂಡು ಗೊಂಬಿ ಪುಸ್ತಕ ಓದ್ತಿಯೇನಲೇ?’

ದೇವಸುಗೂರಿನ ನಮ್ಮನೆಯಲ್ಲಿ ಅವ್ವ ಈ ಮಾತು ಎಷ್ಟು ಸಲ ಅಂದಿದ್ದಾಳೋ ಲೆಕ್ಕವಿಲ್ಲ. ತಪ್ಪು ಅವಳದಲ್ಲ. ಕಾಮಿಕ್ಸ್ ಎಂದರೆ ನಮಗೆಲ್ಲ ‘ಬಾಲಮಂಗಳ’ದ ಡಿಂಗ, ಇಲ್ಲವೇ ‘ಅಮರ ಚಿತ್ರ ಕಥೆ’ಯ ರಾಜರು, ದೇವರು. ಮೀಸೆ ಚಿಗುರುವ ಹೊತ್ತಿಗೆ ಅವನ್ನೆಲ್ಲ ರದ್ದಿಗೆ ಹಾಕಿರುತ್ತೇವೆ. ದೊಡ್ಡವರಿಗೂ ಕಾಮಿಕ್ಸ್ ಇದೆ ಎಂದು ಯಾರೂ ಹೇಳುವುದಿಲ್ಲ.

ಹೋದ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್ ರೂಮಿನ ಜೂನಿಯರ್, ಮಾನ್ವಿ ಕಡೆಯ ಹುಡುಗ, ನನ್ನ ಪುಸ್ತಕಗಳನ್ನು ತಿರುವಿ ಹಾಕುತ್ತ ‘ಅಣ್ಣಾ, ನಾನೂ ಓದ್ತೀನಿ, ಯಾವುದರಿಂದ ಶುರು ಮಾಡ್ಲಿ?’ ಎಂದ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಬಹಳಷ್ಟು ಪಟ್ಟಿಗಳ ತಲೆಯಲ್ಲಿ ‘ಮೌಸ್’ ಇರುತ್ತದೆ (ಕಂಪ್ಯೂಟರಿನದ್ದಲ್ಲ!). ಹಿಟ್ಲರನ ಯಾತನಾ ಶಿಬಿರದಿಂದ ಬದುಕಿ ಬಂದ ಅಪ್ಪನ ಕಥೆಯನ್ನು ಆರ್ಟ್ ಸ್ಪೀಗಲ್‌ಮನ್ ಯಹೂದಿಗಳನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಬರೆದು ಹೇಳಿದ್ದಾರೆ. 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಪಡೆದ ಕೃತಿ. ದೊಡ್ಡ ಪುಸ್ತಕ, ಅನುಮಾನವಿಲ್ಲ. ಆದರೆ ನಾನು ಅದರಿಂದಲೇ ಶುರು ಮಾಡಿ ಎರಡು ಸಲ ಅರ್ಧಕ್ಕೆ ಬಿಟ್ಟವನು. ಪೋಲೆಂಡಿನ ಊರುಗಳು ನನಗೆ ಎಲ್ಲಿ ಗೊತ್ತು?

ಹಾಗಾಗಿ ಅವನ ಕೈಗೆ ‘ಭೀಮಾಯಣ’ ಕೊಟ್ಟೆ. 2011ರಲ್ಲಿ ಬಂದ ಇದು ಅಂಬೇಡ್ಕರರ ಬದುಕು. ಚಿತ್ರ ಬರೆದವರು ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಮಾಮೂಲಿ ಕಾಮಿಕ್ಸಿನ ಚೌಕದ ಡಬ್ಬಿಗಳು ಇದರಲ್ಲಿಲ್ಲ. ರೈಲು ಹಾವಾಗುತ್ತದೆ. ಮೃದು ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ, ವಿಷದ ಮಾತಿಗೆ ಚೇಳಿನ ಬಾಲ. ಯಾರ ಮಾತು ಚುಚ್ಚುತ್ತದೆ ಎಂದು ಓದುವ ಮೊದಲೇ ಕಣ್ಣಿಗೆ ತಿಳಿಯುತ್ತದೆ. ಶಾಲೆಯ ನಲ್ಲಿಯನ್ನು ಬಾಲಕ ಭೀಮ ಮುಟ್ಟುವಂತಿಲ್ಲ. 1901ರಲ್ಲಿ ಅಪ್ಪನನ್ನು ನೋಡಲು ಗೋರೆಗಾಂವ್‌ಗೆ ಹೊರಟ ಮಕ್ಕಳಿಗೆ ದಾರಿಯಲ್ಲಿ ಕುಡಿಯಲು ನೀರು ಸಿಗುವುದಿಲ್ಲ.

ಆ ನಲ್ಲಿಯ ಪುಟದಲ್ಲಿ ಹುಡುಗ ನಿಂತುಬಿಟ್ಟ. ಆಮೇಲೆ ಮೆಲ್ಲಗೆ, ‘ಅಣ್ಣಾ, ನಮ್ಮೂರ ಹೋಟೆಲ್‌ನಾಗ ನಮಗ ಚಾ ಕೊಡೋ ಲೋಟ ಹೊರಗಿನ ಗೂಡಿನ್ಯಾಗ ಇಟ್ಟಿರ್ತಾರ’ ಎಂದ. ಐದಾರು ತಿಂಗಳಿಂದ ಒಂದೇ ರೂಮಿನಲ್ಲಿದ್ದೆವು. ಅವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಎರಡನೆಯದು, ಅದರಲ್ಲೂ ಎಂಜಿನಿಯರಿಂಗ್ ಹುಡುಗರಿಗೆ, ಒರಿಜಿತ್ ಸೇನ್ ಅವರ ‘ರಿವರ್ ಆಫ್ ಸ್ಟೋರೀಸ್’. ನರ್ಮದೆಯ ಅಣೆಕಟ್ಟು, ಊರು ಬಿಡಬೇಕಾದ ಆದಿವಾಸಿಗಳು, ಅವರ ಸೃಷ್ಟಿಯ ಕಥೆ, ಎಲ್ಲ ಒಟ್ಟಿಗೆ ಹರಿಯುತ್ತವೆ. 1994ರ ಪುಸ್ತಕ, 2022ರಲ್ಲಿ ಮರುಮುದ್ರಣವಾಯಿತು. ನಮ್ಮೂರ ಮಗ್ಗುಲಲ್ಲಿ ಕೃಷ್ಣೆ, ಪಕ್ಕದ ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು. ಮೆಗಾವ್ಯಾಟ್ ಲೆಕ್ಕ ನಮಗೆ ಕಲಿಸುತ್ತಾರೆ. ಕಟ್ಟುವಾಗ ಎದ್ದು ಹೋದವರ ಲೆಕ್ಕ ನಾನು ಬರೆದ ಯಾವ ಪೇಪರಿನಲ್ಲೂ ಬಂದಿಲ್ಲ.

ಆಮೇಲೆ ಮರ್ಜಾನ್ ಸತ್ರಪಿಯ ‘ಪರ್ಸೆಪೊಲಿಸ್’ ಓದಿ. ಇರಾನಿನ ತುಂಟ ಹುಡುಗಿಯ ಕಥೆ, ಬರೀ ಕಪ್ಪು ಬಿಳುಪು. ಇಷ್ಟಾದ ಮೇಲೆ ‘ಮೌಸ್’ ಹಿಡಿಯಿರಿ, ನನ್ನಂತೆ ಅರ್ಧಕ್ಕೆ ಬಿಡುವುದಿಲ್ಲ.

ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಹೆದರಬೇಕಿಲ್ಲ. ಒಂದು ಗುಳ್ಳೆಯಲ್ಲಿ ಎರಡು ಮೂರು ಸಾಲು, ಉಳಿದದ್ದನ್ನು ಚಿತ್ರವೇ ಹೇಳುತ್ತದೆ. (ಇಂಟರ್‌ವ್ಯೂಗೆ ಇಂಗ್ಲಿಷ್ ಸುಧಾರಿಸುತ್ತದೆ ಎಂದೇ ಅವ್ವನಿಂದ ದುಡ್ಡು ಕಿತ್ತಿದ್ದೇನೆ.) ಗುಳ್ಳೆಗಳನ್ನಷ್ಟೇ ಓದಿ ಪುಟ ಮಗುಚಬೇಡಿ, ಚಿತ್ರದ ಮುಂದೆ ಒಂದಿಷ್ಟು ಹೊತ್ತು ಕೂರಿ. ಬೆಲೆ ಜಾಸ್ತಿ ಎನಿಸಿದರೆ ನಾಲ್ವರು ಸೇರಿ ತರಿಸಿ, ನಾವು ಹಾಗೇ ಮಾಡುವುದು.

‘ಭೀಮಾಯಣ’ವನ್ನು ಆ ಹುಡುಗ ರಜೆಗೆ ಊರಿಗೆ ಒಯ್ದಿದ್ದಾನೆ. ಅವರವ್ವನಿಗೆ ಓದಲು ಬಾರದು. ದಿನಾ ರಾತ್ರಿ ಒಂದೊಂದು ಪುಟ ತೋರಿಸಿ ಕಥೆ ಹೇಳುತ್ತಿದ್ದಾನಂತೆ. ಪುಸ್ತಕ ಇನ್ನೂ ವಾಪಸ್ ಬಂದಿಲ್ಲ, ನಾನೂ ಕೇಳಿಲ್ಲ.

– ಬಿ.ಇ. ವಿದ್ಯಾರ್ಥಿ, ದೇವಸುಗೂರು