ಮಗನಿಗೆ ವಿದ್ಯಾರ್ಥಿವೇತನ, ಅಪ್ಪನಿಗೆ ಬುದ್ಧಿವಾದ!

ಕಾರ್ಮಿಕ ಬಂಧುಗಳೇ, ನಿಮ್ಮ ಸಂಬಳದ ಚೀಟಿಯನ್ನು ಒಮ್ಮೆ ಬಿಡಿಸಿ ನೋಡಿ. 1965ರ ಕಾರ್ಮಿಕ ಕಲ್ಯಾಣ ನಿಧಿ ಕಾಯಿದೆಯಂತೆ, 50 ಮಂದಿ ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಕಡೆ ವರ್ಷಕ್ಕೊಮ್ಮೆ ನಿಮ್ಮಿಂದ ವಂತಿಗೆ ಹಿಡಿಯುತ್ತಾರೆ. ಕಾರ್ಮಿಕನಿಂದ 20, ಮಾಲೀಕನಿಂದ 40, ಸರ್ಕಾರದಿಂದ 20 ರೂಪಾಯಿ ಇದ್ದದ್ದನ್ನು 2024ರ ಡಿಸೆಂಬರಿನಲ್ಲಿ ಶಾಸನಸಭೆ 50, 100, 50ಕ್ಕೆ ಏರಿಸಿತು. ಏರಿಸಲಿ, ನಮ್ಮ ತಕರಾರಿಲ್ಲ. ಆ ನಿಧಿಯಿಂದ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನ ಸಿಗುತ್ತದೆ. ಅದಕ್ಕೂ ತಕರಾರಿಲ್ಲ. ನಮ್ಮ ಪ್ರಶ್ನೆ ಒಂದೇ: ಹಣ ಕಟ್ಟಿದ ಕಾರ್ಮಿಕನೇ ಓದುತ್ತೇನೆಂದರೆ?

ಅವನಿಗೆ ಇಲ್ಲ.

ಉಳಿದ ಯೋಜನೆಗಳನ್ನೂ ನೋಡೋಣ. 2021ರಲ್ಲಿ ಬಂದ ವಿದ್ಯಾನಿಧಿ ರೈತರ ಮಕ್ಕಳಿಗೆ. 2022ರಲ್ಲಿ ಅದು ನೇಕಾರರು, ಮೀನುಗಾರರು, ಆಟೋ ಚಾಲಕರ ಮಕ್ಕಳಿಗೂ ವಿಸ್ತಾರವಾಯಿತು. ಎಲ್ಲೆಲ್ಲೂ ಮಕ್ಕಳಿಗೆ! ಪಿ.ಯು.ಸಿ. ಅಂಕದ ಮೇಲೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ ಹಗಲು ಕಾಲೇಜಿಗೆ ಹೋಗುವವರಿಗೆ, ದೂರಶಿಕ್ಷಣದವರಿಗಲ್ಲ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ, ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ. ಪದವಿ ಮುಗಿಸಿದ ಮೇಲೆ ಹಣವುಂಟು, ಪದವಿ ಮುಗಿಸಲು ಹಣವಿಲ್ಲ. ಇದೆಂಥ ನ್ಯಾಯ?

ಬ್ಯಾಂಕಿಗೆ ಹೋದರೆ 4 ಲಕ್ಷದವರೆಗೆ ಅಡಮಾನವಿಲ್ಲದೆ ಶಿಕ್ಷಣ ಸಾಲ ಕೊಡಬೇಕೆಂಬ ನಿಯಮವೇನೋ ಉಂಟು. ಬಡ್ಡಿ ರಿಯಾಯಿತಿ ಕೇಳಿದರೆ ಮಾತ್ರ ಪೋಷಕರ ವರಮಾನದ ಪತ್ರ ತರಬೇಕು. ನಲವತ್ತು ವರ್ಷದವನು, ತಾನೇ ಇಬ್ಬರು ಮಕ್ಕಳ ಪೋಷಕನಾದವನು, ಯಾವ ಪೋಷಕರನ್ನು ಹುಡುಕಿಕೊಂಡು ಹೋಗಬೇಕು?

ಈ ವಯಸ್ಸಿನಲ್ಲಿ ಓದೇಕೆ ಎನ್ನುವ ಬುದ್ಧಿವಂತರು ಪಾಂಡವಪುರಕ್ಕೆ ಬರಲಿ. ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತುಹೋಗಿ, 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಸೇರಿತು. ಗಾಣ ನಿಂತ ದಿನ ಎಸ್.ಎಸ್.ಎಲ್.ಸಿ. ಓದಿದ ಕಾರ್ಮಿಕನ ಇಪ್ಪತ್ತು ವರ್ಷದ ಕೈಚಳಕಕ್ಕೆ ಬೇರೆಡೆ ಬೆಲೆ ಎಲ್ಲಿ? ಎಲ್ಲ ಕಡೆಯೂ ಕೇಳುವುದು ಸರ್ಟಿಫಿಕೇಟು. ಶ್ರೀರಂಗಪಟ್ಟಣದ ಪೇಟೆಯಲ್ಲೋ ನಾಗಮಂಗಲದ ಸಂತೆಯಲ್ಲೋ ಅಂಗಡಿ ಇಟ್ಟವನ ಪಾಡು ಇನ್ನೂ ಕಡೆ. ಅವನಿಗೆ ಸಂಬಳದ ಚೀಟಿಯೂ ಇಲ್ಲ, ಕಲ್ಯಾಣ ನಿಧಿಯೂ ಇಲ್ಲ. ಮದುವೆಗೆಂದು ಓದು ಬಿಟ್ಟ ಹೆಣ್ಣುಮಗಳ ಮಾತನ್ನಂತೂ ಎತ್ತುವವರೇ ಇಲ್ಲ.

ಇಂಥವರಿಗೆ ಇರುವ ಬಾಗಿಲು ಒಂದೇ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ತೆರೆದ ಅಂಚೆ ಶಿಕ್ಷಣ 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದೂ ನಡುವೆ ಯು.ಜಿ.ಸಿ. ಮಾನ್ಯತೆ ಕಳೆದುಕೊಂಡು, 2018ರಲ್ಲಿ ಮರಳಿ ಪಡೆಯಿತು. ತಪ್ಪು ಮೇಲಿನವರದು, ದಂಡ ತೆತ್ತವರು ದುಡಿಯುತ್ತಾ ಓದಿದವರು. ಬಡ ಮಹಿಳೆಯರಿಗೆ, ಆಟೋ ಚಾಲಕರಿಗೆ ಅಲ್ಲಿ ಶುಲ್ಕ ರಿಯಾಯಿತಿ ಕೊಟ್ಟದ್ದುಂಟು, ಒಳ್ಳೆಯದೇ. ಆದರೆ ಶುಲ್ಕ ಇಳಿದ ಮಾತ್ರಕ್ಕೆ ಪರೀಕ್ಷೆಗೆ ರಜೆ ಹಾಕಿ ಕಳೆದುಕೊಂಡ ಕೂಲಿ ಬರುತ್ತದೆಯೇ?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಗಾದೆ ಹೇಳಿ ಕೈತೊಳೆದುಕೊಳ್ಳುವವರಿಗೆ ಒಂದು ಮಾತು. ಅಂಬೇಡ್ಕರ್ ಅವರು ಕೆಲಸಕ್ಕೆ ಸೇರಿ, ಮುಂಬಯಿಯಲ್ಲಿ ಪಾಠ ಹೇಳಿ, 1920ರಲ್ಲಿ ಮತ್ತೆ ಲಂಡನ್ನಿಗೆ ಓದಲು ಹೋದವರು. ಆಗ ಅವರು ಮಡದಿ ಮಕ್ಕಳಿದ್ದ ಸಂಸಾರಸ್ಥರು. ಸ್ವೀಡನ್ ದೇಶದಲ್ಲಿ ಕಾರ್ಮಿಕ ಸಂಘಗಳು ಮಾಲೀಕರೊಡನೆ ಮಾಡಿಕೊಂಡ ಒಪ್ಪಂದದಿಂದ 2022ರಲ್ಲಿ ಕಾಯಿದೆಯೇ ಬಂತು: ಎಂಟು ವರ್ಷ ದುಡಿದ ಕೆಲಸಗಾರ ಮತ್ತೆ ಓದಲು ಹೊರಟರೆ, ಒಂದು ಮಿತಿಯೊಳಗೆ, ಸಂಬಳದ ಶೇಕಡಾ 80ರವರೆಗೆ ಕೈಗೆ ಬರುತ್ತದೆ. ಅಲ್ಲಿ ಅರವತ್ತರ ಮರವೂ ಬಗ್ಗುತ್ತದೆ, ಇಲ್ಲಿ ಮೂವತ್ತಕ್ಕೇ ಒಣಗಿತೆಂದು ಬರೆದುಬಿಡುತ್ತಾರೆ!

ನಾವು ಭಿಕ್ಷೆ ಬೇಡುತ್ತಿಲ್ಲ. ನಮ್ಮ ಒತ್ತಾಯಗಳು ಇವು:

1. ಕಾರ್ಮಿಕ ಕಲ್ಯಾಣ ನಿಧಿಯ ಶಿಕ್ಷಣ ಸಹಾಯ ಕಾರ್ಮಿಕರ ಮಕ್ಕಳಿಗಷ್ಟೇ ಅಲ್ಲ, ಓದುವ ಕಾರ್ಮಿಕನಿಗೂ ಸಿಗಲಿ.

2. ವಯಸ್ಕ ವಿದ್ಯಾರ್ಥಿಯ ಅರ್ಜಿಯಲ್ಲಿ ತಂದೆಯ ವರಮಾನ ಕೇಳುವುದು ನಿಲ್ಲಲಿ. ಅವನ ಸಂಸಾರದ ವರಮಾನ ನೋಡಲಿ.

3. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸರ್ಕಾರಿ ಕಾಲೇಜುಗಳಲ್ಲಿ ಸಂಜೆ ತರಗತಿ ನಡೆಯಲಿ. ಕಟ್ಟಡ ಇದೆ, ಬೆಂಚು ಇದೆ. ಬೇಕಾದದ್ದು ಮೇಷ್ಟರ ಸಂಬಳ, ದೀಪದ ಖರ್ಚು.

4. ಪರೀಕ್ಷೆಯ ದಿನಗಳಿಗೆ ಸಂಬಳಸಹಿತ ರಜೆ ಕಾನೂನಾಗಲಿ.

5. ಸಣ್ಣ ವ್ಯಾಪಾರಿಗಳಿಗೂ, ಗೃಹಿಣಿಯರಿಗೂ ಈ ಸಹಾಯ ದೊರೆಯಲು ಸರ್ಕಾರವೇ ಪ್ರತ್ಯೇಕ ಹಣ ತೆಗೆದಿಡಲಿ.

ಮಿಲ್ಲಿನ ಗೆಳೆಯರೇ, ಅಂಗಡಿಯ ಅಣ್ಣಂದಿರೇ, ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಠರಾವಾಗಿ ಮಂಡಿಸಿ. ಅರ್ಜಿಯನ್ನು ಒಬ್ಬೊಬ್ಬರೇ ಹಿಡಿದು ಹೋದರೆ ಗುಮಾಸ್ತ ಹಿಂದಿರುಗಿಸುತ್ತಾನೆ. ನಾಲ್ಕು ತಾಲ್ಲೂಕಿನವರು ಒಟ್ಟಿಗೆ ಹೋದರೆ ಮಂತ್ರಿ ಉತ್ತರ ಹೇಳಬೇಕಾಗುತ್ತದೆ.